ಮಳೆ ಬಂದರೆ ಮಾತ್ರ ಗೆಲ್ಲುತ್ತಿದ್ದ ತಂಡ

ಕಳೆದ ವರ್ಷ ದೊಡ್ಡಬಳ್ಳಾಪುರದ ಒಂದು ಕಾಲೇಜಿನವರು ನನ್ನನ್ನು ಕರೆಸಿ, ಬಯೋಮೆಡಿಕಲ್ ಸೈನ್ಸ್ ಓದಿದರೆ ಮುಂದೆ ಏನೇನು ಕೆಲಸ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿ ಎಂದರು. ಒಪ್ಪಿಕೊಂಡು ಹೋದೆ. ಆಸ್ಪತ್ರೆಯ ಲ್ಯಾಬು, ರಕ್ತನಿಧಿ, ಲಸಿಕೆ ತಯಾರಿಸುವ ಕಂಪನಿ, ಔಷಧ ಪರೀಕ್ಷೆ, ಸಂಶೋಧನೆ ಎಂದು ಒಂದೊಂದಾಗಿ ಹೇಳುತ್ತಾ ಬಂದೆ. ಮುಂದಿನ ಬೆಂಚಿನವರು ಬರೆದುಕೊಂಡರು, ನಡುವಿನವರು ಆಕಳಿಸಿದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಮೆಡಿಕಲ್ ಸೀಟು ಸಿಗದೇ ಇರೋರು ತಾನೇ ಇದಕ್ಕೆ ಬರೋದು?" ಎಂದಳು. ಪ್ರಾಂಶುಪಾಲರು ಅವಳನ್ನು ಕಣ್ಣಲ್ಲೇ ಗದರಿದರು. ನನಗೆ ನಗು ಬಂತು, ಯಾಕೆಂದರೆ ಅವಳ ವಯಸ್ಸಿನಲ್ಲಿ ನಾನೂ ಇದೇ ಪ್ರಶ್ನೆಯನ್ನು ತಲೆದಿಂಬಿನ ಹಾಗೆ ಜೊತೆಗಿಟ್ಟುಕೊಂಡು ಮಲಗುತ್ತಿದ್ದೆ. ಅವಳಿಗೆ ನೆಟ್ಟಗೆ ಉತ್ತರ ಕೊಡುವಷ್ಟರಲ್ಲಿ ಶಾಲು, ಹಣ್ಣಿನ ಬುಟ್ಟಿ ಬಂದುಬಿಟ್ಟವು. ಶಾಲು ಹೊದಿಸಿಕೊಂಡವರು ಆಮೇಲೆ ನಿಜ ಮಾತಾಡುವುದು ಕಷ್ಟ.

ಆ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಸ್ವಲ್ಪ ಉದ್ದವಿದೆ, ಮತ್ತು ಅದರ ತುಂಬ ಫುಟ್‌ಬಾಲ್ ಇದೆ.

ಈಗ ನಾನು ದೇವನಹಳ್ಳಿ ಕಡೆಯ ಒಂದು ದೊಡ್ಡ ಪ್ರಯೋಗಾಲಯದಲ್ಲಿ ಗುಣಮಟ್ಟದ ವಿಭಾಗದಲ್ಲಿದ್ದೇನೆ. ಬೇರೆಯವರು ಕೊಟ್ಟ ಫಲಿತಾಂಶವನ್ನು ನಂಬಬಹುದೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು ಎಂದರೂ ಸರಿಯೇ. ನನ್ನ ಬಾಯಿಗೆ ತಕ್ಕ ಕೆಲಸವೇ ಸಿಕ್ಕಿದೆ ಎಂದು ಅಮ್ಮ ಹೇಳುತ್ತಾಳೆ.

ನಮ್ಮದು ರಾಜಘಟ್ಟದ ಹತ್ತಿರದ ಊರು. ಅಪ್ಪನಿಗೆ ರಾಗಿ ಹೊಲ, ಒಂದಿಷ್ಟು ದ್ರಾಕ್ಷಿ ತೋಟ, ಅಮ್ಮನಿಗೆ ಡೇರಿಗೆ ಹಾಲು ಹಾಕುವ ಹಸುಗಳು. ನಾನು ಡಾಕ್ಟರಾಗುತ್ತೇನೆಂದು ಅಪ್ಪ ಡೇರಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಟ್ಟಿದ್ದರು. ಪರೀಕ್ಷೆ ಬರೆದೆ, ರ‍್ಯಾಂಕು ಬಂತು, ಅದರಲ್ಲಿ ಯಾವ ಕಾಲೇಜಿನ ಬಾಗಿಲೂ ತೆರೆಯುವಂತಿರಲಿಲ್ಲ. ಅಪ್ಪ, "ಆಯ್ತು ಬಿಡು ಮಗ, ಅದೇನು ಲೋಕ ಮುಳುಗೋಗಲ್ಲ," ಎಂದರು. ಆದರೆ ಮುಂದೆ ಬಹಳ ದಿನ ಅವರು ಡೇರಿ ಕಡೆ ಹೋಗದೆ ಕ್ಯಾನನ್ನು ಅಣ್ಣನ ಕೈಯಲ್ಲಿ ಕಳಿಸಿದರು. ನಮ್ಮ ಕಡೆ ರ‍್ಯಾಂಕು ಎಂದರೆ ಒಮ್ಮೆ ಬಿದ್ದರೆ ಅಳಿಸದ ಹಚ್ಚೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಯಾರಾದರೊಬ್ಬರು, "ಎಷ್ಟು ಬಂದಿತ್ತಮ್ಮಾ ನಿಂದು?" ಎಂದು ಕೇಳದೆ ಪಾಯಸ ಮುಟ್ಟುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಾಲಜಿ ಪದವಿ ಮುಗಿಸಿದೆ. ದೊಡ್ಡಬಳ್ಳಾಪುರ ಪೇಟೆಯ ಒಂದು ಚಿಕ್ಕ ಆಸ್ಪತ್ರೆಯ ಲ್ಯಾಬಿಗೆ ಕೆಲಸಕ್ಕೆ ಸೇರಿದೆ. ಕೊರೊನಾ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಸೇರುವಾಗಲೇ ಅರ್ಧ ಮನಸ್ಸು. ನೆಂಟರಿಗೆ ನನ್ನ ಕೆಲಸ 'ಉಚ್ಚೆ ಪರೀಕ್ಷೆ'. ಅವರು ಹಾಗೆಂದಾಗ ನಾನೂ ನಗುತ್ತಿದ್ದೆ, ಮನೆಗೆ ಬಂದು ಅಮ್ಮನ ಮೇಲೆ ಹಾರಾಡುತ್ತಿದ್ದೆ.

ನನ್ನ ಪಾಡು ನೋಡಲಾರದೆ ಚಿಕ್ಕಪ್ಪ ಸೋಂಪುರದ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ನನಗೊಂದು ಕೆಲಸ ಗೊತ್ತುಮಾಡಿದರು. ಹಾಜರಿ, ರಜೆ, ಗೇಟ್ ಪಾಸು ನೋಡಿಕೊಳ್ಳುವುದು. ಊರ ಬಾಗಿಲಿಗೆ ಕಂಪನಿ ಬಸ್ಸು, ಕೂರಲು ಕುರ್ಚಿ, ಮುಟ್ಟಲು ಬರೀ ಕಾಗದ. ಅಲ್ಲಿಯ ಮ್ಯಾನೇಜರು ಫೋನಿನಲ್ಲೇ, "ಆಯುಧಪೂಜೆ ಮುಗಿಸ್ಕೊಂಡು ಬಂದ್ಬಿಡಮ್ಮಾ," ಎಂದಿದ್ದರು. ಹೂಂ ಎಂದಿದ್ದೆ. ಹಬ್ಬದವರೆಗೆ ಇಲ್ಲಿದ್ದು ಆಮೇಲೆ ಈ ಓದನ್ನೇ ಮರೆತುಬಿಡುವುದು ಎಂಬುದು ನನ್ನ ತೀರ್ಮಾನ. ಲ್ಯಾಬಿನಲ್ಲಿ ಇದನ್ನು ಹೇಳಲು ಒಳ್ಳೆಯ ದಿನ ಕಾಯುತ್ತಿದ್ದೆ.

ಹೇಳಬೇಕಾಗಿದ್ದದ್ದು ನಮ್ಮ ಸೀನಿಯರ್‌ಗೆ. ಅವರನ್ನು ನಾನು ಸರ್ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮಸೀದಿ ಹಿಂದಿನ ಬೀದಿಯವರು. ಮನೆಯಲ್ಲಿ ದಖನಿ, ಲ್ಯಾಬಿನಲ್ಲಿ ನಮ್ಮಷ್ಟೇ ಸರಾಗವಾದ ಕನ್ನಡ, ಕೋಪ ಬಂದರೆ ಎರಡೂ. ರಕ್ತ ತೆಗೆಯುವಾಗ ರೋಗಿಯನ್ನು ಫುಟ್‌ಬಾಲ್ ಮಾತಿಗೆ ಎಳೆಯುತ್ತಿದ್ದರು. ಯಾವ ತಂಡ ನಿಮ್ಮದು, ಮೊನ್ನೆ ಆಟ ನೋಡಿದ್ರಾ ಎಂದು ಕೇಳುತ್ತಿರುವಾಗಲೇ ಸೂಜಿ ಹೋಗಿ ಬಂದಿರುತ್ತಿತ್ತು. ಫುಟ್‌ಬಾಲ್ ಗೊತ್ತಿಲ್ಲದ ಅಜ್ಜಿಯರಿಗೂ ಅದೇ ಪ್ರಶ್ನೆ. ಅಜ್ಜಿಯರು ಇದ್ಯಾವ ಕಾಯಿಲೆ ಎಂದು ಗಾಬರಿಯಾಗುವಷ್ಟರಲ್ಲಿ ಹತ್ತಿ ಇಟ್ಟು ಕೈ ಮಡಚಿಸುತ್ತಿದ್ದರು.

ಅವರ ಇನ್ನೊಂದು ಸಂಸಾರ ಫುಟ್‌ಬಾಲ್. ದಸರಾ ರಜೆಯಲ್ಲಿ ಪೇಟೆಯ ಮೈದಾನದಲ್ಲಿ ಒಂದು ಪಂದ್ಯಾವಳಿ ನಡೆಯುತ್ತಿತ್ತು. ಎಂಟು ತಂಡಕ್ಕೆ ಮಾತ್ರ ಜಾಗ, ಆದರೆ ಆಡಬೇಕೆನ್ನುವ ತಂಡಗಳು ಅದಕ್ಕಿಂತ ಹೆಚ್ಚು: ಪೇಟೆಯ ಬೀದಿಗಳ ತಂಡಗಳು, ಕಾಲೇಜಿನದು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗಳವು. ಮೊದಲೆಲ್ಲ ಯಾರ ಮಾವ ಕಮಿಟಿಯಲ್ಲಿದ್ದಾರೋ ಅವರ ತಂಡ ಒಳಗೆ, ಉಳಿದವರು ಬೇಲಿ ಹೊರಗೆ. ಪ್ರತಿ ವರ್ಷ ಅಂಗಿ ಹರಿಯುವ ಜಗಳ. ಸರ್ ಒಂದು ವರ್ಷ ಬೇಸತ್ತು, ಇನ್ನು ಮೇಲೆ ಅಂಕದ ಪ್ರಕಾರ ಎಂದುಬಿಟ್ಟರು. ವರ್ಷವಿಡೀ ಭಾನುವಾರ ಸಂಜೆ ತಂಡಗಳು ಸರದಿಯಲ್ಲಿ ಆಡಬೇಕು, ಅಂಕದಲ್ಲಿ ಮೇಲಿನ ಎಂಟು ತಂಡಕ್ಕೆ ದಸರೆಯಲ್ಲಿ ಜಾಗ.

ಅವರ ಲೆಕ್ಕ ನನಗೆ ಮೊದಲ ಸಲ ಅರ್ಥವಾದಾಗ ಚಳುಕು ಹೊಡೆದ ಹಾಗಾಯಿತು. ಎಲ್ಲ ತಂಡಕ್ಕೂ ಶುರುವಿನಲ್ಲಿ ಒಂದೇ ಅಂಕ. ಆಟ ಮುಗಿದ ಮೇಲೆ ಸೋತವರಿಂದ ಒಂದಿಷ್ಟು ಕಿತ್ತು ಗೆದ್ದವರಿಗೆ ಕೊಡುವುದು. ಬಲವಾದ ತಂಡ ಬಡಪಾಯಿಯನ್ನು ಸೋಲಿಸಿದರೆ ಸಿಗುವುದು ಚೂರೇ ಚೂರು, ಅದು ಗೊತ್ತಿದ್ದ ಸಂಗತಿ ತಾನೇ. ಬಡಪಾಯಿಯೇ ಬಲವಂತರನ್ನು ಸೋಲಿಸಿದರೆ ದೊಡ್ಡ ಪಾಲು ಈ ಕಡೆಗೆ ಬರುತ್ತದೆ. ಚದುರಂಗ ಆಡುವವರನ್ನು ಹೀಗೇ ಅಳೆಯುತ್ತಾರಂತೆ, ದೇಶ ದೇಶಗಳ ಫುಟ್‌ಬಾಲ್ ತಂಡಗಳಿಗೂ ಈಗ ಇದೇ ದಾರಿಯಂತೆ.

"ಅಂದ್ರೆ ಈ ಅಂಕ ಪ್ರೈಜಲ್ಲ ಸರ್," ಎಂದೆ.

"ಅಲ್ಲ ಕಣಮ್ಮಾ. ಅದು ನಮ್ಮ ಊಹೆ. ಮುಂದಿನ ಆಟದಲ್ಲಿ ಏನಾಗಬಹುದು ಅಂತ. ಊಹೆ ತಪ್ಪಿದ್ರೆ ತಿದ್ಕೋತೀವಿ. ಎಷ್ಟು ತಪ್ಪಿತೋ ಅಷ್ಟು ತಿದ್ದೋದು."

ಒಂದೇ ಒಂದು ಬೆಳಿಗ್ಗೆಯ ಪರೀಕ್ಷೆಯಿಂದ ಹಚ್ಚೆ ಹಾಕಿಸಿಕೊಂಡು ಬಂದವಳು ನಾನು. ಪ್ರತಿ ವಾರ ತಿದ್ದಿಕೊಳ್ಳುವ ರ‍್ಯಾಂಕು ಎಂಬುದೊಂದು ಇರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ದಿನದಿಂದ ಸೋಮವಾರ ಬೆಳಿಗ್ಗೆ ಸರ್ ಅಂಕ ತಿದ್ದುವಾಗ ಪಕ್ಕದಲ್ಲಿ ನಿಲ್ಲುವುದು ಅಭ್ಯಾಸವಾಯಿತು. ಅತ್ತ ಮೆಷಿನ್ನು ರಕ್ತದ ಟ್ಯೂಬುಗಳನ್ನು ಗಿರಗಿರ ತಿರುಗಿಸುತ್ತಿರುತ್ತಿತ್ತು, ಇತ್ತ ಆಸ್ಪತ್ರೆಯ ಹಳೇ ಕಂಪ್ಯೂಟರಿನಲ್ಲಿ ತಾಲ್ಲೂಕಿನ ತಂಡಗಳು ಮೇಲೆ ಕೆಳಗೆ ಹೋಗುತ್ತಿದ್ದವು. ಪ್ರಿಂಟು ತೆಗೆದ ಹಾಳೆ ಮಧ್ಯಾಹ್ನದೊಳಗೆ ಮೈದಾನದ ಎದುರಿನ ಟೀ ಅಂಗಡಿಯ ಗೋಡೆಗೆ ಅಂಟಿರುತ್ತಿತ್ತು.

ಆ ವರ್ಷ ದಸರಾ ಹತ್ತಿರವಾದಾಗ ಎಂಟನೇ ಜಾಗದಲ್ಲಿದ್ದದ್ದು ಸರ್ ಅವರ ಬೀದಿಯ ತಂಡ. ಅವರ ತಂದೆ ಕಟ್ಟಿದ್ದು, ಅವರ ಮಗನೇ ಈಗ ನಾಯಕ. ಅದರ ಕೆಳಗೆ, ಪಟ್ಟಿಯ ಬುಡದಲ್ಲಿ, ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿ ತಂಡ. ಅದರ ಗೋಲ್‌ಕೀಪರ್ ನನ್ನ ಅಣ್ಣ. ಎಷ್ಟೋ ವರ್ಷದಿಂದ ಆಡುತ್ತಿದ್ದರೂ ಅವನು ದಸರಾ ಪಂದ್ಯಾವಳಿಯನ್ನು ಬೇಲಿ ಹೊರಗಿನಿಂದಲೇ ನೋಡಿದವನು.

ಆ ತಂಡದ್ದು ವಿಚಿತ್ರ ನಡೆ. ಯಾವ ಪುಟಗೋಸಿ ತಂಡ ಬಂದರೂ ಸೋಲುತ್ತಿದ್ದರು, ಆದರೆ ಆಗೊಮ್ಮೆ ಈಗೊಮ್ಮೆ ಮೇಲಿನವರನ್ನು ಮಣ್ಣು ಮುಕ್ಕಿಸುತ್ತಿದ್ದರು. ಗೆದ್ದ ಆಟಗಳೆಲ್ಲ ಮಳೆಯಿಂದ ಒಂದು ವಾರ ಮುಂದಕ್ಕೆ ಹೋದ ಆಟಗಳು, ಉಳಿದ ಸರದಿ ಇದ್ದ ಹಾಗೇ ಇರುತ್ತಿತ್ತು. ಟೀ ಅಂಗಡಿಯವರು ಅದಕ್ಕೆ ಮಳೆ ತಂಡ ಎಂದೇ ಹೆಸರಿಟ್ಟಿದ್ದರು. ಸರ್ ಕೂಡ, "ಇವರಿಗೆ ಮಳೆ ಆಗಿಬಂದಿದೆ ನೋಡು," ಎಂದು ನಗುತ್ತಾ ಅಂಕ ತುಂಬುತ್ತಿದ್ದರು.

ನನಗೆ ನಗು ಬರಲಿಲ್ಲ. ಅದಕ್ಕೆ ಕಾರಣವೂ ಸರ್ ಕಲಿಸಿದ ಪಾಠವೇ. ಲ್ಯಾಬಿನಲ್ಲಿ ಬೆಳಿಗ್ಗೆ ರೋಗಿಗಳ ರಕ್ತ ಮುಟ್ಟುವ ಮೊದಲು, ಎಷ್ಟು ಬರಬೇಕೆಂದು ಮುಂಚೆಯೇ ಗೊತ್ತಿರುವ ಒಂದು ದ್ರವವನ್ನು ಮೆಷಿನ್ನಿಗೆ ಕೊಟ್ಟು ನೋಡುತ್ತೇವೆ. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಅದರ ಅಂಕಿ ದಿನಾ ಒಂದೇ ಆಸುಪಾಸಿನಲ್ಲಿರಬೇಕು. ಒಂದು ದಿನ ಎಗರಿದರೆ, ಮೆಷಿನ್ನಿನ ಹಣೆಬರಹ ಎಂದು ಬಿಡುವಂತಿಲ್ಲ. ಏನು ಬದಲಾಯಿತು? ಹೊಸ ಬಾಟಲಿಯೋ, ಬೇರೆ ಕೈಯೋ, ಕರೆಂಟು ಹೋಗಿ ಬಂತೋ? ಕಾರಣ ಸಿಗುವ ತನಕ ಒಂದು ರಿಪೋರ್ಟೂ ಹೊರಗೆ ಹೋಗಕೂಡದು. ಇದನ್ನು ನನ್ನ ತಲೆಗೆ ಮೊಳೆ ಹೊಡೆದ ಹಾಗೆ ಹೊಡೆದವರೇ ಈಗ ಎಗರುವ ಅಂಕಿಯನ್ನು ನೋಡಿ ಮಳೆ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ರಜೆ ಹಾಕಿ ಮನೆಯಲ್ಲಿದ್ದೆ. ಅಮ್ಮ ಅವಸರದಲ್ಲಿ ಅಣ್ಣನಿಗೆ ಡಬ್ಬಿ ಕಟ್ಟುತ್ತಿದ್ದಳು. ಸೆಕೆಂಡ್ ಶಿಫ್ಟು, ಮಧ್ಯಾಹ್ನ ಹೋದವನು ರಾತ್ರಿಯೇ ಬರುವುದು. ಆ ಫ್ಯಾಕ್ಟರಿಗೆ ಭಾನುವಾರವೂ ರಜೆಯಿಲ್ಲ, ಯಂತ್ರ ನಿಲ್ಲಿಸುವಂತಿಲ್ಲ. ಮೂರು ಬ್ಯಾಚು, ವಾರಕ್ಕೊಮ್ಮೆ ಶಿಫ್ಟು ಬದಲು. ಅಂದರೆ ಮೂರು ವಾರಕ್ಕೊಮ್ಮೆ ಅಣ್ಣನ ಬ್ಯಾಚಿಗೆ ಸೆಕೆಂಡ್ ಶಿಫ್ಟು. ಆ ವಾರ ಭಾನುವಾರ ಸಂಜೆ ಅವರು ಮೈದಾನದಲ್ಲಿರಲು ಸಾಧ್ಯವಿಲ್ಲ. ಮೈದಾನದ ಸರದಿಯಲ್ಲಿ ಅವರ ತಂಡಕ್ಕೆ ಆಟ ಬರುತ್ತಿದ್ದದ್ದೂ ಮೂರು ವಾರಕ್ಕೊಮ್ಮೆಯೇ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಅಣ್ಣಾ, ನಿಮ್ಮ ಬ್ಯಾಚಲ್ಲಿ ಆಡೋರು ಎಷ್ಟು ಜನ?"

"ನಾನು, ಮುಂದೆ ಆಡೋ ಇಬ್ರು, ನಡುವೆ ಆಡೋನು, ಎಲ್ಲಾ ಒಂದೇ ಬ್ಯಾಚು. ಒಟ್ಟಿಗೆ ಸೇರ್ದೋರಲ್ವಾ ನಾವು."

"ಮತ್ತೆ ಈ ವರ್ಷ ನೀನು ಆಡಿದ್ದು ಯಾವಾಗ?"

ಅವನು ಡಬ್ಬಿ ಬ್ಯಾಗಿಗೆ ಹಾಕಿಕೊಳ್ಳುತ್ತಾ ಯೋಚಿಸಿದ. "ಮಳೆ ಬಂದು ಆಟ ಮುಂದಕ್ಕೆ ಹೋಯ್ತಲ್ಲ, ಆವಾಗ. ಬೇರೆ ಆಟಕ್ಕೆ ಬಂದೋರು ಸುಮ್ನೆ ಲೆಕ್ಕಕ್ಕೆ, ಕಣೇ. ಪ್ಯಾಕಿಂಗ್‌ನವರನ್ನೆಲ್ಲ ನಿಲ್ಲಿಸಿದ್ರು. ಆಡದೇ ಇದ್ರೆ ಹೆಸರೇ ಹೊಡೆದ್ಹಾಕ್ತಾರೆ ಅಂತ."

ಅಲ್ಲಿಗೆ ಮಳೆಯ ಗುಟ್ಟು ಮುಗಿಯಿತು. ಮಳೆ ತಂಡವನ್ನು ಗೆಲ್ಲಿಸುತ್ತಿರಲಿಲ್ಲ, ಆಟವನ್ನು ಒಂದು ವಾರ ತಳ್ಳಿ ಅಣ್ಣನ ಬ್ಯಾಚನ್ನು ಮೈದಾನಕ್ಕೆ ತರುತ್ತಿತ್ತು, ಅಷ್ಟೆ. ಹಾಳೆಯ ಮೇಲೆ ಒಂದು ಹೆಸರು, ಮೈದಾನದಲ್ಲಿ ಎರಡು ತಂಡ.

ಸರ್‌ಗೆ ಹೇಳುತ್ತೇನೆ ಎಂದಾಗ ಅಣ್ಣ ಬ್ಯಾಗು ಕೆಳಗಿಟ್ಟ. "ಬೇಡ ಬಿಡು. ನಾವು ಒಳಗೆ ಹೋದ್ರೆ ಆಚೆ ಬೀಳೋದು ಅವರ ತಂಡಾನೇ. ನಿನ್ನ ಕೆಲಸಕ್ಕೆ ಕುತ್ತು ತಂದ್ಕೋಬೇಡ."

"ಹೆಂಗಿದ್ರೂ ಸೋಂಪುರಕ್ಕೆ ಹೋಗ್ತೀನಲ್ಲ," ಎಂದೆ. ಬಿಟ್ಟು ಹೋಗುವ ಕೆಲಸಕ್ಕೆ ಕುತ್ತು ಬಂದರೇನು ಎಂಬ ಉಡಾಫೆ ನನ್ನದು. ಅಷ್ಟು ಧೈರ್ಯ ಬಂದದ್ದು ಆ ಉಡಾಫೆಯಿಂದಲೇ.

ಮಾರನೆಯ ದಿನ ಬೆಳಗಿನ ಗದ್ದಲ ಇಳಿದ ಮೇಲೆ ಸರ್‌ಗೆ ಹೇಳಿದೆ. ಅವರ ಮುಖ ಬಿಗಿಯಿತು.

"ನೋಡಮ್ಮಾ, ಬಂದು ಆಡ್ದೋರೇ ತಂಡ. ಬರದೇ ಇದ್ದೋರು ಎಷ್ಟು ಚೆನ್ನಾಗಿ ಆಡ್ತಾರೆ ಅನ್ನೋದು ನಂಗ್ಯಾಕೆ?"

"ದಸರಾದಲ್ಲಿ ಬರ್ತಾರಲ್ಲ ಸರ್. ಆಯುಧಪೂಜೆ ಆದ್ಮೇಲೆ ಫ್ಯಾಕ್ಟರಿನೇ ನಿಲ್ಸಿರ್ತಾರೆ, ವರ್ಷಕ್ಕೆ ಅದೊಂದೇ ಸಲ. ನಿಮ್ಮ ಅಂಕ ಮುಂದಿನ ಆಟದ ಊಹೆ ಅಂದ್ರಲ್ಲ. ದಸರಾದಲ್ಲಿ ಆಡೋ ತಂಡದ ಊಹೆ ಇದರಲ್ಲಿಲ್ಲ."

"ನಿಮ್ಮಣ್ಣ ಕಳಿಸಿದ್ನಾ?"

ಅದು ನನಗೆ ಚುಚ್ಚಿತು. ಚುಚ್ಚಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅಣ್ಣ ಬೇಡ ಅಂದ. ಆದ್ರೆ ಸರ್, ನೀವು ಖಾಲಿ ಹೊಟ್ಟೆ ಶುಗರೂ ಊಟ ಆದ್ಮೇಲಿನ ಶುಗರೂ ಒಂದೇ ಕಾಲಮ್ಮಲ್ಲಿ ಬರೀತಾ ಇದ್ದೀರಿ."

ಲ್ಯಾಬಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೆಲಸಕ್ಕೆ ಸೇರಿ ಒಂದು ವಾರವಾದವರೂ ಹಾಗೆ ಬರೆಯುವುದಿಲ್ಲ. ಸರ್ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಟೀಗೆ ಹೋದರು. ಆಮೇಲೆ ಕೆಲವು ದಿನ ನಮ್ಮಿಬ್ಬರ ನಡುವೆ ಮಾತೆಂದರೆ ಆ ಸ್ಯಾಂಪಲ್ ಕೊಡು, ಈ ಟ್ಯೂಬು ತೊಗೋ, ಅಷ್ಟೇ. ಅಜ್ಜಿಯರನ್ನು ಫುಟ್‌ಬಾಲ್ ಕೇಳುವುದನ್ನೂ ನಿಲ್ಲಿಸಿದ್ದರು. ಒಳ್ಳೆಯದಾಯಿತು, ಬಿಟ್ಟು ಹೋಗುವುದು ಸುಲಭವಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಊಟದ ಡಬ್ಬಿಯನ್ನು ಅರ್ಧ ಉಳಿಸಿಕೊಂಡು ಬಂದು ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ.

ಒಂದು ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ, ಫಸ್ಟ್ ಶಿಫ್ಟು ಮುಗಿಸಿ ಬಂದಿದ್ದ ಅಣ್ಣ ಶುರುಮಾಡಿದ.

"ನಿಮ್ಮ ಸರ್ ನಮ್ಮ ಗೇಟಿನ ಹತ್ರ ಇದ್ರು ಕಣೇ. ಶಿಫ್ಟು ಬಿಡೋ ಹೊತ್ತಿಗೆ ಸ್ಕೂಟರ್ ನಿಲ್ಲಿಸ್ಕೊಂಡು ಟೀ ಗಾಡಿ ಹತ್ರ ನಿಂತಿದ್ರು. ಆಚೆ ಬಂದೋರನ್ನ ಒಬ್ಬೊಬ್ಬರನ್ನೇ ಹಿಡಿದು, ಯಾವ ವಾರ ಯಾವ ಶಿಫ್ಟು, ಯಾರ್ಯಾರು ಆಡಿದ್ರಿ ಅಂತ ಕೇಳ್ತಿದ್ರು. ನನ್ನನ್ನ ಮಾತ್ರ ಕೇಳ್ಲಿಲ್ಲ. ನಿನ್ನ ಮಾತು ಇದ್ರಲ್ಲಿ ಬೇಡ ಕಣಪ್ಪಾ, ಟೀ ಕುಡಿ ಅಂದ್ರು."

ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಅಳು ಬಂದಿತ್ತು, ಅಣ್ಣನಿಗೆ ಕಂಡರೆ ಒಂದು ವರ್ಷ ಆಡಿಕೊಳ್ಳುತ್ತಿದ್ದ.

ಮರುದಿನ ಸರ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದು ಕೂತರು. ಎಲ್ಲ ಫ್ಯಾಕ್ಟರಿಗಳ ಗೇಟಿಗೂ ಹೋಗಿ ಬಂದಿದ್ದರು. ಬೇರೆ ತಂಡಗಳ ಆಟಗಾರರೆಲ್ಲ ಜನರಲ್ ಶಿಫ್ಟಿನವರು, ಅವರಿಗೆ ಈ ತೊಡಕಿಲ್ಲ. ಈ ಒಂದು ತಂಡಕ್ಕೆ ಮಾತ್ರ ಆಟದ ಸರದಿಯೂ ಶಿಫ್ಟಿನ ಸರದಿಯೂ ಒಂದೇ ಹೆಜ್ಜೆಯಲ್ಲಿ ನಡೆದುಬಿಟ್ಟಿದ್ದವು. ಸರ್ ಅದನ್ನು ಎರಡು ತಂಡವಾಗಿ ಬರೆದುಕೊಂಡರು, ಪೂರ್ತಿ ಬಂದಾಗಿನದು ಒಂದು, ಅರ್ಧ ಬಂದಾಗಿನದು ಒಂದು. ವರ್ಷದ ಶುರುವಿನಿಂದ ಪ್ರತಿಯೊಂದು ಆಟವನ್ನೂ ಮತ್ತೆ ಲೆಕ್ಕ ಹಾಕಬೇಕಾಯಿತು, ಯಾಕೆಂದರೆ ಒಬ್ಬರ ಅಂಕ ಬದಲಾದರೆ ಅವರೊಂದಿಗೆ ಆಡಿದವರದೂ ಬದಲಾಗುತ್ತದೆ. ನಾನು ಆಟಗಳನ್ನು ಓದಿ ಹೇಳಿದೆ, ಅವರು ತುಂಬಿದರು. ಕೊನೆಯಲ್ಲಿ ಪೂರ್ತಿ ಬಂದಾಗಿನ ಮಳೆ ತಂಡ ಎಂಟನೇ ಜಾಗಕ್ಕೆ ಬಂದು ಕೂತಿತು. ಅವರ ಬೀದಿಯ ತಂಡ ಒಂಬತ್ತಕ್ಕೆ ಜಾರಿತು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಸರ್, ಇನ್ನೊಂದ್ಸಲ ಹಾಕಿ ನೋಡೋಣ," ಎಂದೆ.

"ಯಾಕೆ? ತಪ್ಪು ಕಂಡ್ಯಾ?"

"ಇಲ್ಲ."

"ಮತ್ತೆ? ತಪ್ಪಿದ್ರೆ ಇನ್ನೊಂದ್ಸಲ ಹಾಕು. ಇಷ್ಟ ಇಲ್ಲ ಅಂತ ಹಾಕ್ಬಾರ್ದು. ರೋಗಿದು ಕೆಟ್ಟ ರಿಪೋರ್ಟ್ ಬಂದಾಗ ನಾವು ಹಂಗ್ ಮಾಡ್ತೀವಾ?"

ಈಗ ನಾನು ದುಡಿಯುವ ಲ್ಯಾಬಿನಲ್ಲಿ ಈ ನಿಯಮಕ್ಕೆ ಪುಟಗಟ್ಟಲೆ ವಿವರಣೆ ಇದೆ, ಅದಕ್ಕೆ ವರ್ಷಕ್ಕೊಮ್ಮೆ ತರಬೇತಿ ಇದೆ. ನನಗೆ ಆ ತರಬೇತಿಯಲ್ಲಿ ಕೂತಾಗಲೆಲ್ಲ ಕಾಣುವುದು, ತನ್ನ ತಂದೆಯ ತಂಡ ಒಂಬತ್ತಕ್ಕೆ ಜಾರಿದ ಹಾಳೆಯನ್ನು ಪ್ರಿಂಟಿಗೆ ಕೊಟ್ಟು, ಕಾಗದ ಸಿಕ್ಕಿಕೊಂಡಿತು ಎಂದು ಪ್ರಿಂಟರಿಗೆ ಬೈಯುತ್ತಾ ನಿಂತ ಆ ಮನುಷ್ಯ.

ಹಾಳೆ ಅಂಟಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಸರ್ ಬಿಡಲಿಲ್ಲ. ಭಾನುವಾರ ಸಂಜೆ ಕಮಿಟಿ ಸೇರುತ್ತದೆ, ನೀನೂ ಬಾ ಎಂದರು. ನಾನ್ಯಾಕೆ ಸರ್, ನೀವೇ ಹೇಳಿ ಎಂದೆ. "ಕಂಡಿದ್ದು ನೀನು. ನೀನೇ ಹೇಳು," ಎಂದರು.

ಮೈದಾನದ ಪಕ್ಕದ ಶೆಡ್ಡಿನಲ್ಲಿ ಕಮಿಟಿ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪೇಟೆಯ ಹಿರಿಯರು, ಸುತ್ತ ತಂಡಗಳ ಹುಡುಗರು, ನಾನೊಬ್ಬಳೇ ಹೆಂಗಸು. ಶಿಫ್ಟಿನ ಕತೆ ಹೇಳಿದೆ. ಹಿಂದೆ ನಿಂತಿದ್ದವನೊಬ್ಬ, "ಆ ಗೋಲ್‌ಕೀಪರ್ ತಂಗಿ ಕಣೋ ಇವಳು," ಎಂದ. ಗುಸುಗುಸು ಎದ್ದಿತು. ಮುಂದೆ ಕೂತಿದ್ದ ಹಿರಿಯರೊಬ್ಬರು ಸರ್ ಕಡೆ ತಿರುಗಿ, "ಯಾರಪ್ಪಾ ಈ ಹುಡುಗಿ?" ಎಂದು ಕೇಳಿದರು.

"ನಮ್ಮ ಲ್ಯಾಬಿನೋರು," ಎಂದರು ಸರ್. "ಲೆಕ್ಕದಲ್ಲಿ ನಾನು ತಪ್ಪು ಮಾಡಿದ್ದೆ. ಹಿಡಿದೋರು ಇವರು. ಹೌ, ಗೋಲ್‌ಕೀಪರ್ ತಂಗಿನೇ. ಅದಕ್ಕೇ ನಾನು ಇವರ ಮಾತು ನಂಬ್ದೆ ಗೇಟ್ ಗೇಟಿಗೂ ಹೋಗಿ ಕೇಳ್ಕೊಂಡು ಬಂದೆ. ಇವರು ಹೇಳಿದ್ದು ನಿಜ."

ಅವರು ನನ್ನನ್ನು ಇವಳು ಎನ್ನಲಿಲ್ಲ, ಇವರು ಎಂದರು. ಅಷ್ಟು ಜನರ ಮುಂದೆ. ರ‍್ಯಾಂಕು ಬಂದ ದಿನದಿಂದ ನಾನು ಬಗ್ಗಿಸಿಕೊಂಡೇ ತಿರುಗುತ್ತಿದ್ದ ತಲೆ ಆ ಶೆಡ್ಡಿನಲ್ಲಿ ಮೇಲೆದ್ದಿತು. ಹೀಗೆ ಬರೆದರೆ ಸ್ವಲ್ಪ ಅತಿಯಾಯಿತು ಅನ್ನಿಸಬಹುದು. ಅನ್ನಿಸಲಿ, ಆದದ್ದು ಹಾಗೆಯೇ.

ಮೂರೇ ಮೂರು ಮಳೆ ಆಟ ನೋಡಿ ಒಳಗೆ ಬಿಡುವುದೇ ಎಂದು ಒಬ್ಬರು ತಗಾದೆ ತೆಗೆದರು. ಆಟ ಕಮ್ಮಿಯಾದ್ದರಿಂದಲೇ ಅಂಕ ಇಷ್ಟಕ್ಕೆ ನಿಂತಿದೆ, ಇಲ್ಲದಿದ್ದರೆ ಇನ್ನೂ ಮೇಲೆ ಇರುತ್ತಿದ್ದರು ಎಂದು ಸರ್ ಹೇಳಿದರು. ಅವರ ಮಗ ನಾಯಕನಲ್ಲವೇ, ಅವನು ಎದ್ದು ಹೊರಗೆ ಹೋದ. ಸರ್ ಅವನ ಕಡೆ ನೋಡಲಿಲ್ಲ. ಹೊಸ ಪಟ್ಟಿಯೇ ನಿಂತಿತು.

ಆಯುಧಪೂಜೆ ಬಂತು. ಲ್ಯಾಬಿನ ಮೆಷಿನ್ನುಗಳಿಗೆ ನಾನೇ ಕುಂಕುಮ ಹಚ್ಚಿ ಹೂವಿಟ್ಟೆ. ಮೈಕ್ರೋಸ್ಕೋಪಿನ ಗಾಜಿಗೆ ಮಾತ್ರ ಕುಂಕುಮ ತಾಗಿಸಬೇಡ ಎಂದು ಸರ್ ಪ್ರತಿ ವರ್ಷದಂತೆ ಹಿಂದೆಯೇ ನಿಂತು ಕಾದರು. ಚರಮುರಿ, ಬಾಳೆಹಣ್ಣು ಹಂಚಿದ ಮೇಲೆ ಸೋಂಪುರದ ವಿಷಯ ಹೇಳಿಬಿಟ್ಟೆ. ಹಬ್ಬ ಕಳೆದು ಸೋಮವಾರ ಸೇರಬೇಕು ಸರ್ ಎಂದೆ. ಅವರು ಬಾಳೆಹಣ್ಣು ಸುಲಿಯುತ್ತಿದ್ದರು. "ಒಳ್ಳೇ ಕೆಲಸ. ನಿಮ್ಮಪ್ಪಂಗೂ ಸಮಾಧಾನ," ಎಂದು ಹೇಳಿ, ಇರು ಎಂದಾಗಲಿ ಹೋಗು ಎಂದಾಗಲಿ ಹೇಳದೆ ಹಣ್ಣು ತಿಂದರು. ಬೇಡ ಎಂದು ತಡೆಯಬಾರದಿತ್ತೇ ಎಂದು ನನಗೆ ಅವರ ಮೇಲೆ ಕೋಪ ಬಂತು. ತಡೆದಿದ್ದರೂ ಕೋಪವೇ ಬರುತ್ತಿತ್ತು, ಅದು ಬೇರೆ.

ಪಂದ್ಯಾವಳಿಯಲ್ಲಿ ಎಂಟನೆಯವರಿಗೆ ಮೊದಲ ಆಟವೇ ಒಂದನೇ ತಂಡದ ಜೊತೆ. ಅಪ್ಪ, ಅಮ್ಮ, ನಾನು ಮೂವರೂ ಹೋಗಿದ್ದೆವು. ಫ್ಯಾಕ್ಟರಿ ಮುಚ್ಚಿತ್ತು, ಅಣ್ಣನ ಬ್ಯಾಚು ಪೂರ್ತಿ ಮೈದಾನದಲ್ಲಿತ್ತು. ಅರ್ಧ ಆಟದವರೆಗೂ ಇವರೇ ಒಂದು ಗೋಲು ಮುಂದಿದ್ದರು. ಅಪ್ಪ ಪಕ್ಕದವರಿಗೆಲ್ಲ, "ಆ ಗೋಲಲ್ಲಿ ನಿಂತಿರೋನು ನನ್ನ ಮಗ," ಎಂದು ಹೇಳುತ್ತಿದ್ದರು, ಕೇಳದವರಿಗೂ. ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಕೂತಿದ್ದಳು. ಆಮೇಲೆ ಒಂದು ಗೋಲು ಬಿತ್ತು. ಮುಗಿಯುವ ಹೊತ್ತಿಗೆ ಇನ್ನೊಂದು. ಸೋತರು. ಅಣ್ಣ ಮೈಯೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಬಂದವನು ನಗುತ್ತಿದ್ದ, ಅಷ್ಟು ನಕ್ಕಿದ್ದನ್ನು ಗೆದ್ದಾಗಲೂ ನೋಡಿರಲಿಲ್ಲ.

ಸರ್ ಬೇಲಿ ಹತ್ತಿರ ಒಬ್ಬರೇ ನಿಂತಿದ್ದರು. ಅವರ ಬೀದಿಯ ಒಬ್ಬ ಯುವಕ ಹೋಗುತ್ತಾ ಹೋಗುತ್ತಾ, "ನೋಡಿದ್ರಲ್ಲ ಚಾಚಾ, ನಿಮ್ಮ ಲೆಕ್ಕ ಏನಾಯ್ತು? ನಮ್ಮ ಜಾಗ ತೆಗೆದು ಕೊಟ್ರಿ, ಸೋತು ಬಂದ್ರು," ಎಂದ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅವನು ದಾಟಿಹೋಗಿದ್ದ. ಹೋಗಿ ಅವರ ಪಕ್ಕ ನಿಂತೆ.

"ಸೋಲ್ತಾರೆ ಅಂತ ನಮ್ಮ ಲೆಕ್ಕದಲ್ಲೇ ಇತ್ತು," ಎಂದರು ಸರ್, ಮೈದಾನ ನೋಡುತ್ತಾ. "ಒಂದೇ ಗೋಲಲ್ಲಿ ಸೋತ್ರಲ್ಲ, ಅಷ್ಟು ಹತ್ರ ಬರ್ತಾರೆ ಅಂತ ಇರ್ಲಿಲ್ಲ."

"ನಿಮ್ಮ ತಂಡ ಆಡಿದ್ರೆ ಗೆಲ್ತಿತ್ತೇನೋ ಸರ್."

"ಗೆಲ್ತಿತ್ತೇನೋ," ಎಂದರು. "ಆದ್ರೆ ಆ ಜಾಗ ನಮ್ದಲ್ಲ. ನಮ್ದಲ್ಲದ ಜಾಗದಲ್ಲಿ ನಿಂತು ಗೆದ್ರೆ, ನಾಳೆ ಬೆಳಿಗ್ಗೆ 'ಏನು ಬದಲಾಯ್ತು ನೋಡು' ಅಂತ ನಿಂಗೆ ಯಾವ ಬಾಯಲ್ಲಿ ಹೇಳ್ಲಿ?"

ಸೋಮವಾರದಿಂದ ನಾನು ಅಲ್ಲಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಹಾಗೆಂದರು. ಮೆಡಿಕಲ್ ಸೀಟು ಸಿಗದವರು ಬರುವ ಜಾಗ ಎಂದು ನಾನು ಮೂಗು ಮುರಿಯುತ್ತಿದ್ದ ಆ ಒಂದು ಕೋಣೆಯ ಲ್ಯಾಬು, ತಾನೇ ಸೋತರೂ ನಿಜವನ್ನೇ ಹೇಳುವ ಒಬ್ಬ ಮನುಷ್ಯ ತನ್ನ ಇಡೀ ಬದುಕನ್ನು ಕಳೆದ ಜಾಗ ಎಂದು ನನಗೆ ಅರಿವಾದದ್ದು ಆ ಬೇಲಿ ಹತ್ತಿರ. ಅಂಥ ಕೆಲಸ ನನಗೂ ಬೇಕು ಎಂದು ಅವತ್ತೇ ಮೊದಲ ಸಲ ಆಸೆಯಾಯಿತು. ಅಲ್ಲಿಯವರೆಗೆ ನಾನು ಆ ಕೆಲಸದಲ್ಲಿ ಬರೀ ಉಳಿದುಕೊಂಡಿದ್ದೆ. ಆ ಆಸೆ ಹುಟ್ಟಿಸಿದ್ದಕ್ಕೆ ಅವರಿಗೆ ನಾನು ಇನ್ನೂ ಕೈ ಮುಗಿಯುತ್ತೇನೆ, ಮನಸ್ಸಿನಲ್ಲಿ. ಎದುರಿಗೆ ಮುಗಿದರೆ ಬೈಯುತ್ತಾರೆ.

ಜನರಿಂದ ಸ್ವಲ್ಪ ದೂರ ಹೋಗಿ ಸೋಂಪುರದ ಮ್ಯಾನೇಜರಿಗೆ ಫೋನು ಮಾಡಿದೆ. ನಾನು ಬರೋದಿಲ್ಲ ಸರ್, ತಪ್ಪು ತಿಳ್ಕೋಬೇಡಿ ಎಂದೆ.

ಒಳ್ಳೆಯ ಮನುಷ್ಯ, ಬೇಜಾರು ಮಾಡಿಕೊಳ್ಳಲಿಲ್ಲ. "ಯಾಕಮ್ಮಾ, ಇದಕ್ಕಿಂತ ಒಳ್ಳೇದು ಸಿಕ್ತಾ?" ಎಂದು ಕೇಳಿದರು.

"ಹೂಂ ಸರ್," ಎಂದೆ. "ಈಗ ಇರೋ ಕಡೇನೇ ಸಿಕ್ತು."